‘ಬ್ರಿಂಗ್ ಎ ಪ್ಲೇಟ್’ ಎಂದರೆ ಖಾಲಿ ತಟ್ಟೆಯಲ್ಲ

ಆಸ್ಟ್ರೇಲಿಯಾಕ್ಕೆ ಮೊದಲ ಬಾರಿ ಹೊರಟಿರುವವರು ಇದನ್ನು ದಯವಿಟ್ಟು ಗಮನಿಸಬೇಕು. ಅಲ್ಲಿ ಯಾರಾದರೂ ಮನೆಗೆ ಕರೆದು ‘ಬ್ರಿಂಗ್ ಎ ಪ್ಲೇಟ್’ ಎಂದರೆ, ಎಲ್ಲರೊಡನೆ ಹಂಚಿಕೊಂಡು ತಿನ್ನಲು ಏನಾದರೂ ತಿನಿಸು ತನ್ನಿ ಎಂದರ್ಥವೇ ಹೊರತು ಬರಿಯ ತಟ್ಟೆ ಒಯ್ಯುವುದಲ್ಲ. ಚಿತ್ರಾನ್ನವನ್ನೋ ಕೋಸಂಬರಿಯನ್ನೋ ಧಾರಾಳವಾಗಿ ಒಯ್ಯಬಹುದು. ಪಬ್ಬಿನಲ್ಲಿ ‘ಮೈ ಶೌಟ್’ ಎಂದವರು ಆ ಸುತ್ತಿನ ಪಾನೀಯದ ಹಣವನ್ನು ತಾವೇ ಕೊಡುತ್ತಾರೆ. ಮುಂದಿನ ಸರದಿ ನಿಮಗೂ ಬರುತ್ತದೆ, ಅದನ್ನು ತಪ್ಪಿಸಿಕೊಳ್ಳುವುದು ಸಭ್ಯತೆಯಲ್ಲ.

ಅವರ ಹಾಸ್ಯಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು, ಏಕೆಂದರೆ ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, ಮರದಿಂದ ದಾರಿಹೋಕರ ತಲೆಯ ಮೇಲೆರಗುವ ‘ಡ್ರಾಪ್ ಬೇರ್’ ಎಂಬ ಪ್ರಾಣಿಯ ಬಗ್ಗೆ ಎಚ್ಚರಿಸುತ್ತಾರೆ. ಅಂಥ ಪ್ರಾಣಿಯೇ ಇಲ್ಲ. ಆದರೂ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ ತನ್ನ ಜಾಲತಾಣದಲ್ಲಿ ಅದರ ಗಂಭೀರ ವಿವರಣೆಯನ್ನೇ ಪ್ರಕಟಿಸಿದೆ! ಕೆಂಗೂದಲಿನವರನ್ನು ಬೇಕೆಂದೇ ತಿರುವುಮುರುವಾಗಿ ‘ಬ್ಲೂಯಿ’ (ನೀಲಿಯವ) ಎಂದು ಕರೆಯುವುದೂ ಇದೇ ಬಗೆಯ ಸಲುಗೆ. ಆದರೆ ಉತ್ತರ ಭಾಗದ ನದಿಗಳ ಬಳಿ ಕಾಣುವ ಮೊಸಳೆಯ ಎಚ್ಚರಿಕೆ ಫಲಕವನ್ನು ಮಾತ್ರ ಎಂದಿಗೂ ತಮಾಷೆಯೆಂದು ಭಾವಿಸಬೇಡಿ. ಕಡಲತೀರದಲ್ಲಿಯೂ ಕೆಂಪು-ಹಳದಿ ಬಾವುಟಗಳ ನಡುವೆಯೇ ಈಜಬೇಕು, ಏಕೆಂದರೆ ಜೀವರಕ್ಷಕರ ಕಣ್ಗಾವಲು ಇರುವುದು ಅಲ್ಲಿಯೇ.