ಧ್ಯಾನ ಶುರು ಮಾಡೋರಿಗೆ: ಮೊದಲು 5 ನಿಮಿಷ ಸಾಕು

ಧ್ಯಾನಕ್ಕೆ ಕೂತರೆ ತಲೆಯಲ್ಲಿ ಸಂತೆ ನೆರೆಯುತ್ತೆ, ಇದು ನಮ್ಮಿಂದಾಗಲ್ಲ ಅಂತ ಬಿಟ್ಟವರೇ ಹೆಚ್ಚು. ನಾನೂ ಎರಡು ಸಲ ಬಿಟ್ಟಿದ್ದೆ. ಮೊದಲ ದಿನವೇ ಪದ್ಮಾಸನ ಹಾಕಿ ಅರ್ಧ ಗಂಟೆ ಕೂತಿದ್ದು ನನ್ನ ತಪ್ಪು. ಕಾಲು ಜೋಮು ಹಿಡಿದು, ಏಳೋವಾಗ ಗೋಡೆ ಹಿಡ್ಕೊಂಡು ನಿಂತೆ!

ಕುರ್ಚಿ ಸಾಕು. ಪಾದ ನೆಲಕ್ಕೆ ತಾಗಿರಲಿ, ಬೆನ್ನು ನೆಟ್ಟಗಿರಲಿ, ಆದರೆ ಬಿಗಿ ಬೇಡ. ಮೊಬೈಲ್‌ನಲ್ಲಿ 5 ನಿಮಿಷಕ್ಕೆ ಟೈಮರ್ ಇಟ್ಟು ಬೋರಲು ಹಾಕಿ, ಇಲ್ಲಾಂದ್ರೆ ಕಣ್ಣು ಅಲ್ಲೇ ಹೋಗುತ್ತೆ.

ಉಸಿರು ಬಿಡುವಾಗಲೆಲ್ಲ ಒಂದೊಂದಾಗಿ ಎಣಿಸಿ, 10 ಆದಮೇಲೆ ಮತ್ತೆ 1. ಮೂರಕ್ಕೆ ಬರೋಷ್ಟರಲ್ಲಿ ಮನಸ್ಸು ನಾಳೆಯ ಕೆಲಸಕ್ಕೆ ಓಡಿರುತ್ತೆ. ಕೆಲವೊಮ್ಮೆ 17ರವರೆಗೆ ಎಣಿಸಿದ್ದು ಆಮೇಲೆ ಗೊತ್ತಾಗುತ್ತೆ. ನಿಮ್ಮನ್ನ ನೀವೇ ಬೈಕೋಬೇಡಿ, 1ರಿಂದ ಶುರು ಮಾಡಿ. ಮನಸ್ಸು ಓಡಿಹೋಯ್ತು ಅಂತ ಗೊತ್ತಾಗೋ ಆ ಕ್ಷಣವೇ ಅಭ್ಯಾಸ. ಉಸಿರು ಎಳೆಯೋದಕ್ಕಿಂತ ಬಿಡೋದು ಸ್ವಲ್ಪ ನಿಧಾನವಾಗಿರಲಿ. ಆಗ ಮೆದುಳಿನಿಂದ ಹೃದಯಕ್ಕೆ ಹೋಗೋ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತೆ.

ಊಟವಾದ ಕೂಡಲೇ ಅಥವಾ ಹಾಸಿಗೆ ಮೇಲೆ ಕೂತರೆ ತೂಕಡಿಕೆ ಗ್ಯಾರಂಟಿ. ನನಗೆ ಬೆಳಿಗ್ಗೆ ಮುಖ ತೊಳೆದ ತಕ್ಷಣ ಕೂರೋದು ಸರಿಹೋಯ್ತು. ನಾಲ್ಕೇ ದಿನಕ್ಕೆ ಫಲ ಹುಡುಕಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಜಾನ್ ಕಬಾಟ್-ಜಿನ್ ಶುರು ಮಾಡಿದ, ಈಗ ಹೆಸರಾದ ಧ್ಯಾನದ ತರಬೇತಿಯೇ 8 ವಾರದ್ದು.

ಬಿಪಿ ಮಾತ್ರೆ ತಗೊಳ್ಳೋರು ಧ್ಯಾನ ಮಾಡ್ತೀವಲ್ಲ ಅಂತ ಅದನ್ನ ನಿಲ್ಲಿಸಬೇಡಿ. ಕಣ್ಣು ಮುಚ್ಚಿದರೆ ಗಾಬರಿಯಾಗುತ್ತಾ? ಕಣ್ಣು ತೆರೆದು ನೆಲ ನೋಡುತ್ತಾ ಕೂರಿ. ಆಗಲೂ ತಡೆಯೋಕಾಗದಿದ್ರೆ ನಿಲ್ಲಿಸಿ, ಡಾಕ್ಟರ್ ಹತ್ರ ಮಾತಾಡಿ.