ಎಡಗಾಲಲ್ಲಿ ಬ್ರೇಕು, ಹಳೇ ಎಸ್ಟೀಮು

ಕಳೆದ ರ‍್ಯಾಲಿ ಸೀಸನ್ನಿನಲ್ಲಿ ನಮ್ಮ ಹಳೇ ಮಾರುತಿ ಎಸ್ಟೀಮಿನಲ್ಲಿ 1400 ಸಿಸಿ ಕ್ಲಾಸ್ ಗೆದ್ದಾಗಿನಿಂದ ಎಲ್ಲರದೂ ಒಂದೇ ಪ್ರಶ್ನೆ: ಎಂಜಿನ್ನಿಗೆ ಏನು ಮಾಡಿಸಿದ್ರಿ? ಏನೂ ಮಾಡಿಸಿಲ್ಲ. ಸ್ಕ್ರುಟಿನಿಯಲ್ಲಿ, ಅಂದರೆ ರ‍್ಯಾಲಿಯವರ ಗಾಡಿ ತಪಾಸಣೆಯಲ್ಲಿ, ಹೆಡ್ ಬಿಚ್ಚಿ ಬೋರ್ ಅಳೆದು ನೋಡಿಯೇ ವಾಪಸ್ ಕೊಟ್ಟಿದ್ದು. ಅದೇ 16 ವಾಲ್ವಿನ 1.3 ಲೀಟರ್. ಹೊಸದಿದ್ದಾಗ 85 ಎಚ್‌ಪಿ, ಈಗ ಅಷ್ಟೂ ಉಳಿದಿರಲಿಕ್ಕಿಲ್ಲ. ಬದಲಾಗಿದ್ದು ನನ್ನ ಎಡಗಾಲು.

ಬಲಗಾಲನ್ನು ಆಕ್ಸಿಲರೇಟರ್ ಮೇಲೇ ಇಟ್ಟು ಎಡಗಾಲಲ್ಲಿ ಬ್ರೇಕ್ ಹಿಡಿಯಲು ಶುರು ಮಾಡಿದಾಗ ನಕ್ಕವರೇ ಜಾಸ್ತಿ. "ಅದೆಲ್ಲ ಟರ್ಬೊ ಗಾಡಿಗೆ ಮಾರಾಯ, ಎಸ್ಟೀಮಿಗೆ ಯಾಕೆ ಬೇಕು?" ಅಂದರು. ನಾನು ಯಾರನ್ನು ನೋಡಿ ಕಲಿತೆನೋ ಆ ಪುಣ್ಯಾತ್ಮನ ಗಾಡಿಯಲ್ಲಿ ಟರ್ಬೊ ಇರಲೇ ಇಲ್ಲ. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್, ಸಾಬ್ 96. ಮೂರು ಸಿಲಿಂಡರಿನ ಟೂ ಸ್ಟ್ರೋಕ್, 841 ಸಿಸಿ. ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನು 1960ರಿಂದ 62ರವರೆಗೆ ಸತತ ಮೂರು ಸಲ ಗೆದ್ದ. 1962 ಮತ್ತು 63ರಲ್ಲಿ ಮಾಂಟೆ ಕಾರ್ಲೊ. ಆ ಸಾಬ್‌ನಲ್ಲಿ ಫ್ರೀವೀಲ್ ಇತ್ತು. ಟೂ ಸ್ಟ್ರೋಕಿಗೆ ಆಯಿಲ್ ಹೋಗುವುದು ಪೆಟ್ರೋಲ್ ಜೊತೆಗೇ ಆದ್ದರಿಂದ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಎಂಜಿನ್ ಒಣಗಿ ಹಿಡಿದುಕೊಳ್ಳುತ್ತದೆ. ಅಂದಮೇಲೆ ಎಂಜಿನ್ ಬ್ರೇಕಿಂಗ್, ಅಂದರೆ ಎಂಜಿನ್ನೇ ಗಾಡಿಯ ವೇಗ ತಗ್ಗಿಸುವುದು, ಇಲ್ಲ. ಆರ್‌ಪಿಎಂ ಒಮ್ಮೆ ಬಿತ್ತೆಂದರೆ ಅಷ್ಟು ಸಣ್ಣ ಎಂಜಿನ್ ಮತ್ತೆ ಎದ್ದು ಬರುವಷ್ಟರಲ್ಲಿ ಸ್ಟೇಜ್ (ಟೈಮ್ ಅಳೆಯುವ ರಸ್ತೆಯ ತುಂಡು) ಮುಗಿದಿರುತ್ತದೆ. ಅದಕ್ಕೇ ಬಲಗಾಲನ್ನು ಎತ್ತದೆ ಎಡಗಾಲಲ್ಲಿ ಬ್ರೇಕ್. ಫಿನ್ಲೆಂಡಿನ ಮ್ಯಾಕಿನೆನ್, ಆಲ್ಟೊನೆನ್ ಕೂಡ ಮಿನಿ ಕೂಪರ್‌ನಲ್ಲಿ ಇದನ್ನೇ ಮಾಡಿ 1965, 67ರ ಮಾಂಟೆ ಕಾರ್ಲೊ ಹೊಡೆದರು. ಕಾರ್ಲ್‌ಸನ್ ಗಾಡಿ ಮಗುಚುವುದರಲ್ಲೂ ಹೆಸರುವಾಸಿ. ಆ ಲೆಕ್ಕದಲ್ಲಿ ನಾನಿನ್ನೂ ಬಹಳ ಹಿಂದಿದ್ದೇನೆ.

ಫ್ರಂಟ್ ವೀಲ್ ಡ್ರೈವ್‌ನಲ್ಲಿ ಇದರಿಂದ ಏನಾಗುತ್ತದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಮುಂದಿನ ಚಕ್ರವನ್ನು ಎಂಜಿನ್ ಎಳೆಯುತ್ತಿರುವುದರಿಂದ ಅದು ಲಾಕ್ ಆಗುವುದಿಲ್ಲ, ಬ್ರೇಕಿನ ಪೆಟ್ಟು ಹಿಂದಿನ ಚಕ್ರಕ್ಕೆ ಬಿದ್ದು ತಿರುವಿನಲ್ಲಿ ಗಾಡಿಯ ಬಾಲ ಬೇಗ ತಿರುಗುತ್ತದೆ. ಕಾಲು ಪಳಗಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಗುರುತಿನವರ ತೋಟದೊಳಗಿನ ರಸ್ತೆ, ಗಂಟೆಗೆ ಮೂವತ್ತು ನಲವತ್ತರ ಸ್ಪೀಡು. ಕ್ಲಚ್ ತುಳಿದ ಹಾಗೆ ಬ್ರೇಕ್ ತುಳಿದಾಗಲೆಲ್ಲ ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ಹುಡುಗ "ಅಣ್ಣಾ, ಬೆಲ್ಟ್ ಎದೆ ಸೀಳ್ತಿದೆ" ಅನ್ನುತ್ತಿದ್ದ.

ನಿಜವಾದ ತಲೆನೋವು ಬೂಸ್ಟರ್, ಬ್ರೇಕ್ ಒತ್ತುವಾಗ ಕಾಲಿಗೆ ಬಲ ಸೇರಿಸುವ ಡಬ್ಬಿ. ಅದು ಬದುಕುವುದೇ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ವ್ಯಾಕ್ಯೂಮ್ ಮೇಲೆ. ಆಕ್ಸಿಲರೇಟರ್ ತುಳಿದು ಥ್ರಾಟಲ್ ಪೂರ್ತಿ ತೆರೆದೇ ಇಟ್ಟರೆ ವ್ಯಾಕ್ಯೂಮ್ ಎಲ್ಲಿಂದ ಬರಬೇಕು? ಒಳಗೆ ಉಳಿದದ್ದು ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ. ಇಳಿಜಾರಿನಲ್ಲಿ ಸಾಲು ಹೇರ್‌ಪಿನ್ ಬಂದರೆ ಮೂರನೆಯದಕ್ಕೆ ಪೆಡಲ್ ಕಲ್ಲು. ಒಮ್ಮೆ ಕಾಫಿ ಗಿಡಗಳ ನಡುವೆ ಹೋಗಿ ನಿಂತೆವು. ತೋಟದ ಯಜಮಾನರಿಗೆ ಗಿಡದ ದುಡ್ಡು ಕೊಟ್ಟಿದ್ದೂ ಆಯಿತು.

ಮೊದಲು ಬೂಸ್ಟರನ್ನೇ ತೆಗೆಸಿದೆ. ಹತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ತೊಡೆ ನಡುಗತೊಡಗಿತು. ಸಣ್ಣ ಬೋರಿನ ಮಾಸ್ಟರ್ ಸಿಲಿಂಡರ್ (ಬ್ರೇಕ್ ಫ್ಲೂಯಿಡ್ ತಳ್ಳುವ ಪಂಪು) ಹಾಕಿದರೆ ಒತ್ತಲು ಹಗುರ, ಆದರೆ ಪೆಡಲ್ ನೆಲದವರೆಗೆ ಇಳಿಯುತ್ತದೆ. ಅದಕ್ಕೆ ಸುಮಾರು ಆರು ಸಾವಿರ ಹೋಯಿತು. ಕೊನೆಗೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇ ಟೆಂಪೋದ ವ್ಯಾಕ್ಯೂಮ್ ಟ್ಯಾಂಕ್ ಸಿಕ್ಕಿತು, ನಾಲ್ಕೈದು ಲೀಟರಿನದು. ಸಾವಿರದ ಇನ್ನೂರು ಹೇಳಿದ, ಎಂಟುನೂರಕ್ಕೆ ತಂದೆ. ಅದನ್ನು ಬೂಸ್ಟರಿಗೆ ಜೋಡಿಸಿ ಮ್ಯಾನಿಫೋಲ್ಡ್ ಕಡೆ ಒನ್ ವೇ ವಾಲ್ವ್ ಕೂರಿಸಿದೆ. ಮೊದಲ ದಿನ ಏನೂ ಉಪಯೋಗವಾಗಲಿಲ್ಲ. ನೋಡಿದರೆ ಮೆಕ್ಯಾನಿಕ್ ಹಾಕಿದ್ದ ಪೆಟ್ರೋಲ್ ಹೋಸು ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿತ್ತು. ದಪ್ಪ ಗೋಡೆಯ ವ್ಯಾಕ್ಯೂಮ್ ಹೋಸೇ ಬೇಕು. ಇದನ್ನು ಸ್ಕ್ರುಟಿನಿಯವರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆದಿದ್ದೆ. ನಿಮ್ಮ ಕ್ಲಾಸಿನ ರೂಲ್ ನೀವು ನೋಡಿಕೊಳ್ಳಿ.

ಆಮೇಲೆ ಬಿಸಿ. ಎಂಜಿನ್ ಎಳೆಯುತ್ತಿದ್ದಾಗಲೇ ಬ್ರೇಕ್ ಹಿಡಿದರೆ ಪ್ಯಾಡ್ ಉರಿದು ಹೋಗುತ್ತದೆ. ಮೊದಲೆಲ್ಲ ಒಂದು ಸೆಟ್ಟಿನಲ್ಲಿ ಎರಡು ರ‍್ಯಾಲಿ ಓಡಿಸುತ್ತಿದ್ದೆ, ಈಗ ಒಂದಕ್ಕೇ ಎರಡು ಸೆಟ್ ಬೇಕು. ಮಾಮೂಲಿ ಅಂಗಡಿ ಪ್ಯಾಡ್ ಮೂರನೇ ಸ್ಟೇಜಿಗೇ ಗಾಜಿನಂತೆ ನುಣ್ಣಗಾಗಿ ಕೈಕೊಟ್ಟಿತು. ಒಳ್ಳೆಯದು ಸೆಟ್ಟಿಗೆ ನಾಲ್ಕೂವರೆ ಸಾವಿರದ ಹತ್ತಿರ. ಸೀಸನ್ನಿಗೆ ಬರೀ ಪ್ಯಾಡಿಗೇ ಐವತ್ತು ಸಾವಿರ ಮುಟ್ಟಿರಬೇಕು, ಮನೆಯಲ್ಲಿ ಹೇಳಿದ್ದು ಅದರರ್ಧ. ಬ್ರೇಕ್ ಫ್ಲೂಯಿಡ್ ಡಾಟ್ 4 ದರ್ಜೆಯದು ಹಾಕಿ, ಡಾಟ್ 3 ಬೇಡ. ಹೊಸದರಲ್ಲಿ 3 ಕುದಿಯುವುದು 205 ಡಿಗ್ರಿಗೆ, 4 ಆದರೆ 230ಕ್ಕೆ. ನಮ್ಮ ಮಲೆನಾಡಿನ ಥಂಡಿಗೆ ಎರಡೂ ನೀರು ಹೀರಿಕೊಳ್ಳುತ್ತವೆ, ಹಾಗಾಗಿ ಪ್ರತಿ ರ‍್ಯಾಲಿಗೂ ಪೂರ್ತಿ ಬದಲಾಯಿಸಿ ಬ್ಲೀಡ್ ಮಾಡಿ ಪೈಪಿನ ಗಾಳಿ ತೆಗೆಯುತ್ತೇನೆ. ಮುನ್ನೂರು ನಾನ್ನೂರಕ್ಕೆ ಯಾಕೆ ಜಿಪುಣತನ?

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಬಾಲ ಇನ್ನೂ ಬೇಗ ತಿರುಗಲಿ ಎಂದು ಡಿಕ್ಕಿಯಲ್ಲಿ ಇಪ್ಪತ್ತೈದು ಕಿಲೋ ಮರಳಿನ ಚೀಲ ಕಟ್ಟಿದೆ. ತಿರುಗುವುದೇನೋ ತಿರುಗುತ್ತದೆ, ನಿಲ್ಲುವುದಿಲ್ಲ! ಸಣ್ಣ ಅಗಲದ ಟೈರಿನ ಪ್ರಯೋಗ ಮಾತ್ರ ಉಳಿಯಿತು. ಮಳೆ ಬಿದ್ದ ತೋಟದ ರಸ್ತೆಯಲ್ಲಿ ಅದು ಕೆಸರು ಕತ್ತರಿಸಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಒಣ ಜಲ್ಲಿಯಲ್ಲಿ ಪ್ರಯೋಜನವಿಲ್ಲ.

ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮಿನಲ್ಲಿ ನಾನು ಮಾಡಿಕೊಂಡಿರುವ ಒಂದು ಸೆಟ್ಟಿಂಗ್ ಇದೆ, ಅರ್ಧ ಟೈಮ್ ಅಲ್ಲೇ ಸಿಕ್ಕಿದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸೀಸನ್ನಿಗೂ ನನಗೆ ಊಟ ಬೇಕಲ್ಲ. ಫಲ ಏನೆಂದರೆ, ಹನ್ನೆರಡು ಕಿಲೋಮೀಟರಿನ ಸ್ಟೇಜಿನಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚೂಕಡಿಮೆ ಇಪ್ಪತ್ತು ಸೆಕೆಂಡ್ ಉಳಿಯಿತು, ಅದೂ ನೆಲ ಒದ್ದೆಯಿದ್ದಾಗ. ನಕ್ಕವರಲ್ಲಿ ಇಬ್ಬರು ಈಗ ಗುಜರಿಯಲ್ಲಿ ಟ್ಯಾಂಕ್ ಹುಡುಕುತ್ತಿದ್ದಾರೆ.

ಫೋಕ್ಸ್‌ವ್ಯಾಗನ್ ಪೋಲೊ ಇಟ್ಟುಕೊಂಡವರೂ ಕೇಳುತ್ತಿದ್ದೀರಿ. ಅದರಲ್ಲಿ ಥ್ರಾಟಲ್ ಎಲೆಕ್ಟ್ರಾನಿಕ್. ಎರಡು ಪೆಡಲ್ ಒಟ್ಟಿಗೆ ಒತ್ತಿದರೆ ಇಸಿಯು (ಗಾಡಿಯ ಕಂಪ್ಯೂಟರ್) ಎಂಜಿನ್ನಿನ ಶಕ್ತಿಯನ್ನೇ ಕಡಿದುಬಿಡುತ್ತದೆ, ಎಡಗಾಲು ಎಷ್ಟು ಪಳಗಿದ್ದರೂ ದಂಡ. ಮೊದಲು ಇಸಿಯು ಸೆಟ್ಟಿಂಗ್ ಬದಲಿಸುವ ಟ್ಯೂನರ್ ಹತ್ತಿರ ಅದನ್ನು ತೆಗೆಸಿ, ಆಮೇಲೆ ಪ್ಯಾಡಿನ ಮಾತು.