ಆಯಿಯ ಬಿಪಿ ಮನೆಯಲ್ಲೇ ನೋಡಿದ್ದು

ಶಿರಸಿ ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿದಾಗಲೆಲ್ಲ ಆಯಿಯ ಮೇಲಿನ ಬಿಪಿ 160ರ ಆಸುಪಾಸು ಇರುತ್ತಿತ್ತು. ಬಸ್ಸಿನ ದಣಿವು, ಸರದಿಯ ಕಾಯುವಿಕೆ, ಆಸ್ಪತ್ರೆಯ ಅಂಜಿಕೆ ಎಲ್ಲ ಸೇರಿದ ಲೆಕ್ಕ ಅದು. ಗುಳಿಗೆ ಹೆಚ್ಚಿಸುವ ಮೊದಲು ಒಂದು ವಾರ ಮನೆಯಲ್ಲಿ ನೋಡಿ ಬರೆದುಕೊಂಡು ಬನ್ನಿ ಎಂದರು ಡಾಕ್ಟರು.

ಮಣಿಕಟ್ಟಿನ ಮಶಿನ್ ಬೇಡವೆಂದು ತೋಳಿಗೆ ಸುತ್ತುವುದನ್ನೇ ತಂದೆ. ಆಯಿಯ ತೋಳನ್ನು ಟೇಪಿನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಿದ್ದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೊದಲಿಗೆ ಎರಡೂ ಕೈ ನೋಡಿ, ಹೆಚ್ಚು ಬಂದ ಎಡಗೈಯನ್ನೇ ಖಾಯಂ ಮಾಡಿಕೊಂಡೆವು.

ಮುಖ್ಯ ಕೆಲಸವಿರುವುದು ಸರಿಯಾಗಿ ಕೂರಿಸುವುದರಲ್ಲಿ. ಆಯಿಗೆ ನೆಲದ ಮೇಲೆ ಕಾಲು ಮಡಚಿ ಕೂತೇ ರೂಢಿ. ಬಿಪಿ ನೋಡುವಾಗ ಮಾತ್ರ ಕುರ್ಚಿ: ಬೆನ್ನಿಗೆ ಒರಗು, ಪಾದ ನೆಲಕ್ಕೆ. ಮೇಜಿನ ಮೇಲೆ ಮಡಚಿದ ಕಂಬಳಿ ಇಟ್ಟು ಅದರ ಮೇಲೆ ಕೈ ಇಡಿಸುತ್ತೇನೆ, ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಹತ್ತು ಸೆಂಟಿಮೀಟರ್ ಕೆಳಗಿದ್ದರೂ ಏಳೆಂಟು ಪಾಯಿಂಟ್ ಏರುತ್ತದೆ. ಪಟ್ಟಿಯ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ, ಬರಿಯ ಚರ್ಮದ ಮೇಲೇ. ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಟನ್. ಪಟ್ಟಿ ಉಬ್ಬುತ್ತಿರುವಾಗಲೇ ಆಯಿ, "ಎಷ್ಟು ಬಂತೋ ತಮಾ?" ಎಂದು ಕೇಳಿಬಿಡುತ್ತಾಳೆ. ಮಾತಾಡಿದರೂ ಬಿಪಿ ಏರುತ್ತದೆ, ಹಾಗಾಗಿ ಅದನ್ನು ಬರೆದುಕೊಳ್ಳದೆ ಮತ್ತೊಮ್ಮೆ ನೋಡುತ್ತೇನೆ.

ಅರ್ಧ ಗಂಟೆ ಮೊದಲಿನಿಂದ ಚಹಾ ಇಲ್ಲ, ಹೊಗೆಸೊಪ್ಪಿನ ಕವಳವೂ ಇಲ್ಲ. ಕವಳ ಬಿಡಿಸುವುದೇ ಕಷ್ಟವಾಯಿತು. ಬೆಳಿಗ್ಗೆ ಗುಳಿಗೆ, ತಿಂಡಿ ಎರಡಕ್ಕೂ ಮೊದಲು ಎರಡು ಸಲ, ರಾತ್ರಿ ಊಟಕ್ಕೆ ಮೊದಲು ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು. ಮೊದಲ ದಿನದ್ದನ್ನು ಕೈಬಿಟ್ಟು ಉಳಿದದ್ದರ ಸರಾಸರಿ ತೆಗೆಯಬೇಕು. ಆಸ್ಪತ್ರೆಯಲ್ಲಿ 140/90 ಆದರೆ ಹೆಚ್ಚು ಎನ್ನುತ್ತಾರೆ, ಮನೆಯ ಸರಾಸರಿಗೆ ಆ ಗೆರೆ 135/85.

ಆಯಿಯದು 131/79 ಬಂತು. ಡಾಕ್ಟರು ಬರೆದುಕೊಂಡು ಹೋದದ್ದನ್ನು ನೋಡಿ ಗುಳಿಗೆ ಇದ್ದಷ್ಟೇ ಇರಲಿ ಎಂದರು. ಇದರ ತದ್ವಿರುದ್ಧವೂ ಉಂಟು: ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ಹೆಚ್ಚು. ಅಂಥವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ, ಯಾಕೆಂದರೆ ಮನೆಯಲ್ಲಿ ನೋಡದಿದ್ದರೆ ಅದು ಗೊತ್ತೇ ಆಗುವುದಿಲ್ಲ. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ದಿನಾ ಬೀಳುವ ನಮ್ಮ ಬಾಳೆಯಲ್ಲಿ ಅದು ಸುಲಭವಲ್ಲ. ಈಗ ಊಟಕ್ಕೆ ಅರ್ಧ ಮಿಡಿ, ಹಪ್ಪಳ ಹಬ್ಬಕ್ಕೆ ಮಾತ್ರ.

ಎಂದಾದರೂ 180/120 ದಾಟಿ ಬಂದರೆ ಗಾಬರಿಯಾಗದೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ, ಆಗಲೂ ಅಷ್ಟೇ ಇದ್ದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಕೈ ಬಲ ಕಳೆದುಕೊಳ್ಳುವುದು ಇದ್ದರೆ ಮತ್ತೆ ನೋಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.